ಸೌನಾಕ್ಕೆ ಸೇರುವ ಮೊದಲು ಇದನ್ನೊಮ್ಮೆ ಓದು

ಬದಿಯಡ್ಕ

ಪ್ರೀತಿಯ ಗೆಳೆಯಾ,

ಮಂಗಳೂರಿನ ಜಿಮ್ಮಿನಲ್ಲಿ ಸೌನಾ, ಅಂದರೆ ಬಿಸಿ ಗಾಳಿಯಲ್ಲಿ ಕೂತು ಬೆವರುವ ಕೋಣೆ, ಇದೆ, ಸೇರಲೋ ಬೇಡವೋ ಎಂದು ನೀನು ಕೇಳಿದ ದಿನ ತೋಟಕ್ಕೆ ಮದ್ದು ಬಿಡುವವರು ಬಂದಿದ್ದರು, ಸರಿಯಾಗಿ ಮಾತಾಡಲಿಕ್ಕಾಗಲಿಲ್ಲ. ಅದಕ್ಕೇ ಈ ಕಾಗದ. ಸೇರು ಮಾರಾಯಾ. ಆದರೆ ನಾಲ್ಕು ಮಾತು ಕೇಳಿ ಸೇರು.

ಕಳೆದ ವರ್ಷ ಫಿನ್ಲೆಂಡಿನ ತಾಂಪೆರೆಯಲ್ಲಿ ಮಗಳ ಮನೆಯಲ್ಲಿದ್ದ ಎರಡು ತಿಂಗಳೂ ವಾರಕ್ಕೆ ಮೂರು ಸಲ ಸೌನಾದಲ್ಲಿ ಕೂತಿದ್ದೇನೆ. ಆ ಊರಿನಲ್ಲಿ 1906ರಿಂದ ನಡೆಯುತ್ತಿರುವ ಸಾರ್ವಜನಿಕ ಸೌನಾವೇ ಇದೆ. ಸುಮಾರು 55 ಲಕ್ಷ ಜನರಿರುವ ಆ ದೇಶದಲ್ಲಿ ಸೌನಾಗಳೇ 30 ಲಕ್ಷದಷ್ಟು. ಹಿಂದೆ ಹೆರಿಗೆಯೂ ಅದರೊಳಗೇ ಆಗುತ್ತಿತ್ತು.

ಮೊದಲ ದಿನ ಗೋಡೆಯ ಮಾಪಕ 80 ಡಿಗ್ರಿ ತೋರಿಸುತ್ತಿತ್ತು. ಮೇ ತಿಂಗಳಲ್ಲಿ 35ಕ್ಕೇ ಉಸ್ಸಪ್ಪಾ ಅನ್ನುವವನಿಗೆ ಎದೆ ಧಸಕ್ಕೆಂದಿತು. ಕೂತರೆ ನಮ್ಮ ಸೆಕೆಯಷ್ಟೂ ಕಷ್ಟವಿಲ್ಲ! ಅಲ್ಲಿಯ ಗಾಳಿ ಒಣ, ಬೆವರು ಮೈಮೇಲೇ ಆರಿ ತಂಪು ಮಾಡುತ್ತದೆ. ನಮ್ಮ ಕಡಲತಡಿಯಲ್ಲಿ ಬೆವರು ಆರುವುದೇ ಇಲ್ಲವಲ್ಲ. ಆಮೇಲೆ ಅಳಿಯ ಮರದ ಸೌಟಿನಿಂದ ಕಾದ ಕಲ್ಲುಗಳ ಮೇಲೆ ನೀರು ಹೊಯ್ದ. ಚುಂಯ್ ಎಂದಿತು. ಒಂದೆರಡು ಕ್ಷಣ ಏನೂ ಇಲ್ಲ. ಮತ್ತೆ ಕಿವಿಯ ತುದಿಗೆ, ಹೆಗಲಿಗೆ, ಬೆನ್ನಿಗೆ ಕಾವು ಇಳಿಯಿತು. ಆ ಹಬೆಯನ್ನು ಅವರು ‘ಲೊಯ್ಲು’ ಅನ್ನುತ್ತಾರೆ. ಅಡಿಕೆ ಗೊನೆ ಹೊತ್ತು ಬಿಗಿದಿದ್ದ ನನ್ನ ಹೆಗಲು ಅವತ್ತು ಸಡಿಲಾಯಿತು. ರಾತ್ರಿ ಒಂದೇ ನಿದ್ದೆ.

ಕಾವಿಗೆ ರಕ್ತನಾಳ ಹಿಗ್ಗುತ್ತದೆ, ಚುರುಕಾಗಿ ನಡೆದಂತೆ ಎದೆಬಡಿತ ಏರುತ್ತದೆ. ಪೂರ್ವ ಫಿನ್ಲೆಂಡಿನ 2,315 ನಡುವಯಸ್ಸಿನ ಗಂಡಸರನ್ನು ಸುಮಾರು 20 ವರ್ಷ ಗಮನಿಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ವಾರಕ್ಕೊಮ್ಮೆ ಕೂರುವವರಿಗಿಂತ ನಾಲ್ಕರಿಂದ ಏಳು ಸಲ ಕೂರುವವರಲ್ಲಿ ಹೃದಯದಿಂದಾಗುವ ಹಠಾತ್ ಸಾವು ಬಹಳ ಕಡಿಮೆ ಇತ್ತು. ಅದು ಸೌನಾದಿಂದಲೇ ಎಂದು ಅಷ್ಟರಿಂದ ಹೇಳಲಾಗದು. ಗಟ್ಟಿಮುಟ್ಟಾಗಿರುವವರೇ ಹೆಚ್ಚು ಸಲ ಹೋಗುತ್ತಿದ್ದಿರಲೂಬಹುದು. ಬೆವರಿನಲ್ಲಿ ವಿಷವೆಲ್ಲ ಹೋಗುತ್ತದೆ ಅನ್ನುವುದನ್ನು ಮಾತ್ರ ನಂಬಬೇಡ, ಅದು ಪಿತ್ತಜನಕಾಂಗ (ಲಿವರ್), ಮೂತ್ರಪಿಂಡಗಳ ಕೆಲಸ. ತೂಕ ಇಳಿದಂತೆ ಕಂಡರೆ ಅದು ನೀರು, ಎರಡು ಲೋಟ ಕುಡಿದರೆ ವಾಪಸು.

ಇನ್ನು ನಿನ್ನ ಬಿಪಿ ಮಾತ್ರೆಯ ವಿಷಯ. ಇದಕ್ಕಾಗಿಯೇ ಬರೆಯಲು ಕೂತದ್ದು. ಮೂರನೇ ದಿನ ನಾನು ಮೇಲಿನ ಹಲಗೆಯಿಂದ ದಡಕ್ಕನೆ ಎದ್ದೆ. ಕಣ್ಣು ಕತ್ತಲೆ ಬಂತು, ಅಳಿಯ ತೋಳು ಹಿಡಿಯದಿದ್ದರೆ ಬಿಸಿ ಕಲ್ಲಿನ ಮೇಲೇ ಬೀಳುತ್ತಿದ್ದೆ. ಕಾವಿಗೆ ರಕ್ತದೊತ್ತಡ ಇಳಿದಿರುತ್ತದೆ. ಮಾತ್ರೆಯೂ ಇಳಿಸಿರುತ್ತದೆ. ನಿನ್ನ ಡಾಕ್ಟರರನ್ನು ಕೇಳದೆ ಒಳಗೆ ಕಾಲಿಡಬೇಡ. ಅವರು ಒಪ್ಪಿದರೆ ಕಾವು ಕಡಿಮೆಯಿರುವ ಕೆಳಗಿನ ಹಲಗೆ, ಮೊದಲಿಗೆ ಐದೇ ನಿಮಿಷ, ಒಬ್ಬನೇ ಬೇಡ. ಏಳುವ ಮೊದಲು ಸ್ವಲ್ಪ ಹೊತ್ತು ಕಾಲು ಇಳಿಬಿಟ್ಟು ಕೂರು. ಕುಡಿದ ದಿನ ಆ ಕಡೆ ತಲೆಹಾಕಲೇಬೇಡ. ಜಿಮ್ಮಿನ ಕೆಲವು ಹೀಟರುಗಳಿಗೆ ನೀರು ಹೊಯ್ಯಬಾರದು, ಕೇಳಿಕೊಂಡು ಹೊಯ್ಯಿ.

ಸೌನಾದಿಂದ ಹೊರಗೆ ಬಂದವನೇ ಸ್ಕೂಟರ್ ಹತ್ತಬೇಡ. ದೀಪಾವಳಿಗೆ ಎಣ್ಣೆ ಹಚ್ಚಿ ಹಂಡೆಯ ಬಿಸಿನೀರಲ್ಲಿ ಮಿಂದ ಮೇಲೆ ನಿನ್ನ ಅಮ್ಮ ನಮ್ಮಿಬ್ಬರನ್ನೂ ಚಾವಡಿಯಿಂದ ಏಳಲು ಬಿಡುತ್ತಿರಲಿಲ್ಲ, ನೆನಪಿದೆಯಾ? ಹಾಗೆ ಕೂರು. ಸೌನಾದಲ್ಲಿ ನನಗೆ ಅತಿ ಹಿಡಿಸಿದ್ದೂ ಆ ಹೊತ್ತೇ, ಹೊರಗಿನ ಬೆಂಚಿನಲ್ಲಿ ಮೈಯಿಂದ ಹಬೆ ಏಳುತ್ತಿದ್ದರೂ ಚಳಿಯೇ ಗೊತ್ತಾಗದ ಹತ್ತು ನಿಮಿಷ.

ಡಾಕ್ಟರರು ಏನೆಂದರೆಂದು ಈ ವಾರವೇ ತಿಳಿಸು. ಕಾಯುತ್ತಿರುತ್ತೇನೆ.

ಇತಿ ನಿನ್ನ
ಬದಿಯಡ್ಕದ ಗೆಳೆಯ