ಡಿಕ್ಟೇಶನ್ ತಪ್ಪಿಗೆ ಬೈಯುವ ಮೊದಲು

ಪ್ರೀತಿಯ ಪೋಷಕರೇ,

ಎರಡನೇ ತರಗತಿಯ ಇಂಗ್ಲಿಷ್ ಡಿಕ್ಟೇಶನ್ ಪುಸ್ತಕ ನೋಡಿ ನಿಮ್ಮಲ್ಲಿ ಹಲವರಿಗೆ ಬೇಸರವಾಗಿದೆ. ‘ನೈಫ್’ ಪದವನ್ನು ಎನ್ ಅಕ್ಷರದಿಂದ ಶುರು ಮಾಡಿದ ಮಗುವಿಗೆ ಮನೆಯಲ್ಲಿ 50 ಸಲ ಬರೆಸಿದವರೂ ಇದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಮಗು ಕಿವಿಗೆ ಬಿದ್ದದ್ದನ್ನೇ ಬರೆದಿದೆ. ಅಲ್ಲಿ ಕೆ ಕೇಳಿಸುವುದೇ ಇಲ್ಲ, ಅಲ್ವಾ? ಒಂದು ಕಾಲದಲ್ಲಿ ಇಂಗ್ಲಿಷಿನವರು ಆ ಕೆಯನ್ನು ಬಾಯಲ್ಲೂ ಹೇಳುತ್ತಿದ್ದರು. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಇಂಗ್ಲೆಂಡಿನಲ್ಲಿ ಅಚ್ಚಿನ ಕೆಲಸ ಶುರು ಮಾಡಿದ ಮೇಲೆ ಬರವಣಿಗೆ ನಿಧಾನವಾಗಿ ಗಟ್ಟಿಯಾಯಿತು, ಆದರೆ ಜನರ ಮಾತು ಬದಲಾಗುತ್ತಲೇ ಹೋಯಿತು, ಹಾಗಾಗಿ ಹಳೆಯ ಕೆ ಪುಸ್ತಕದಲ್ಲೇ ಉಳಿದುಬಿಟ್ಟಿತು. ಅಕ್ಷರ 26, ಸದ್ದು ಸುಮಾರು 44. ಮಕ್ಕಳಿಗೆ ಗೊಂದಲ ಆಗದೇ ಇರುತ್ತಾ?

ಓದಿಸುವಾಗ ‘ಸಿ, ಎ, ಟಿ’ ಎಂದು ಕೂಗಿಸಬೇಡಿ. ಸದ್ದು ಹೇಳಿಸಿ: ಕ್, ಆ್ಯ, ಟ್. ‘ಕ’ ಅಲ್ಲ, ‘ಕ್’. ನಮ್ಮ ‘ಕ’ದೊಳಗೆ ‘ಅ’ ಸೇರಿಕೊಂಡಿದೆ, ಅದನ್ನು ಬಿಡಿಸದಿದ್ದರೆ ಸದ್ದುಗಳು ಕೂಡಿಕೊಳ್ಳುವುದಿಲ್ಲ.

ಕನ್ನಡ ಬರೆದ ಹಾಗೇ ಓದುವ ಭಾಷೆ, ಅದರಲ್ಲೇನು ಕಷ್ಟ ಎಂದು ಕೇಳುತ್ತೀರಿ. ಬಹುಮಟ್ಟಿಗೆ ನಿಜ. ಆದರೆ ಅಂಕ, ಅಂಚೆ, ಅಂಟು, ಅಂದ, ಅಂಬು, ಇವನ್ನು ನಿಧಾನವಾಗಿ ಹೇಳಿ ನೋಡಿ. ‘ಅಂಬು’ವಿನಲ್ಲಿ ತುಟಿ ಮುಚ್ಚುತ್ತದೆ, ‘ಅಂಕ’ದಲ್ಲಿ ನಾಲಗೆಯ ಹಿಂಭಾಗ ಮೇಲೇಳುತ್ತದೆ. ಸೊನ್ನೆ ಒಂದೇ, ಸದ್ದು ಐದು! ಅವೇ ನಮ್ಮ ಙ, ಞ, ಣ, ನ, ಮ. ವರ್ಣಮಾಲೆಯ ಈ ಸಾಲುಗಳನ್ನು ಸುಮ್ನೆ ಜೋಡಿಸಿಲ್ಲ, ಗಂಟಲಿನ ಕಡೆಯಿಂದ ತುಟಿಯವರೆಗೆ ಬಾಯಿಯ ದಾರಿಯಲ್ಲೇ ಬರುತ್ತವೆ. ಇದನ್ನು ಮಕ್ಕಳಿಗೆ ತೋರಿಸುವುದು ನನಗೆ ತುಂಬಾ ಇಷ್ಟದ ಕೆಲಸ. ಇನ್ನು ‘ಸೂರ್ಯ’ದಲ್ಲಿ ಮೊದಲು ಕೇಳುವ ರ್ ಸದ್ದನ್ನು ಆಮೇಲೆ ಬರೆಯುತ್ತೇವೆ, ಅದಕ್ಕೇ ಮಕ್ಕಳು ಅರ್ಕಾವತ್ತಿನಲ್ಲಿ ಎಡವುವುದು.

ಮನೆಮಾತಿನಲ್ಲಿ ‘ಹಾಲು’ ‘ಆಲು’ ಆಗಿದ್ದರೆ ಮಗು ಹಾಗೇ ಬರೆಯುತ್ತದೆ. ನಗಬೇಡಿ, ಮನೆಮಾತು ತಪ್ಪು ಎಂದೂ ಹೇಳಬೇಡಿ. ಬಾಯಿಯ ಮುಂದೆ ಅಂಗೈ ಹಿಡಿದು ಎರಡನ್ನೂ ಹೇಳಿಸಿ, ‘ಹ’ಕ್ಕೆ ಉಸಿರು ಕೈಗೆ ತಾಗುತ್ತದೆ. ‘ಕ’, ‘ಖ’ಕ್ಕೂ ಇದೇ ಉಪಾಯ.

ಈ ವರ್ಷ ಎರಡನೇ ತರಗತಿಯ ಡಿಕ್ಟೇಶನ್‌ಗೆ ಅಂಕ ಹಾಕುವುದಿಲ್ಲ. ಪದದ ಪಕ್ಕ ಟೀಚರ್ ‘ಸ’ ಎಂದು ಬರೆದಿದ್ದರೆ ಸದ್ದು ಸರಿಯಾಗಿ ಕೇಳಿಸಿಕೊಂಡಿದೆ, ಸ್ಪೆಲಿಂಗ್ ಮಾತ್ರ ಕಲಿಯಬೇಕು ಎಂದರ್ಥ. ಅಂಥ ಪದಗಳನ್ನು ಮನೆಯಲ್ಲಿ ದಿನಕ್ಕೆ ಎರಡೋ ಮೂರೋ ಓದಿಸಿ, ಜಾಸ್ತಿ ಬೇಡ.

ಇಂತಿ,
ನಿಮ್ಮ ಮುಖ್ಯ ಶಿಕ್ಷಕಿ