ಫಾರ್ಮಿನಲ್ಲಿ ಇನ್ನೊಂದು ಪ್ರಶ್ನೆ ಇರಲಿ

ಮಾನ್ಯ ಸಂಪಾದಕರೇ,

ಮೂವತ್ತು ದಾಟಿದವರಿರುವ ಮನೆಗಳಿಗೆ ಹೋಗಿ ನಾವು ಆಶಾ ಕಾರ್ಯಕರ್ತೆಯರು ಸಿಬ್ಯಾಕ್ ಫಾರ್ಮ್ (ಬಿಪಿ, ಶುಗರ್, ಕ್ಯಾನ್ಸರ್‌ನಂಥ ಕಾಯಿಲೆಗಳ ಅಪಾಯ ಯಾರಿಗಿದೆ ಎಂದು ಗುರುತಿಸುವ ಪ್ರಶ್ನೆಪಟ್ಟಿ) ತುಂಬುತ್ತೇವೆ. ಹೆತ್ತವರಿಗೆ, ಒಡಹುಟ್ಟಿದವರಿಗೆ ಬಿಪಿ, ಶುಗರ್, ಹೃದಯದ ಕಾಯಿಲೆ ಇದೆಯೇ ಎಂಬ ಪ್ರಶ್ನೆ ಅದರಲ್ಲಿದೆ. ಹೌದೆಂದರೆ ಅಪಾಯದ ಲೆಕ್ಕಕ್ಕೆ 2 ಅಂಕ. ಎದೆಯಲ್ಲಿ ಗಂಟಿದೆಯೇ, ತೊಟ್ಟಿನಿಂದ ರಕ್ತ ಬರುತ್ತದೆಯೇ, ಆಕಾರ ಬದಲಾಗಿದೆಯೇ ಎಂದೂ ಕೇಳುತ್ತೇವೆ. ಆದರೆ ಮನೆತನದಲ್ಲಿ ಯಾರಿಗಾದರೂ ಸ್ತನ ಕ್ಯಾನ್ಸರ್ ಆಗಿತ್ತೇ ಎಂದು ಕೇಳುವ ಸಾಲೇ ಇಲ್ಲ.

ನಾನಾಗಿಯೇ ಕೇಳಿದರೆ ಉತ್ತರ ಸುಲಭಕ್ಕೆ ಸಿಗುವುದಿಲ್ಲ. 'ಮೆಲ್ಲಗೆ ಮಾತಾಡಿ ಆಶಕ್ಕ, ನಾದಿನಿಗೆ ಗಂಡು ನೋಡ್ತಾ ಇದ್ದೀವಿ' ಅನ್ನುತ್ತಾರೆ. ಒಬ್ಬಳು ಹುಡುಗಿ, 'ಆಗಿದ್ದು ನಮ್ಮತ್ತೆಗೆ, ನನಗೆಲ್ಲಿಂದ ಬರುತ್ತೆ?' ಎಂದು ನಕ್ಕಳು. ಆ ಅತ್ತೆ ಅವಳ ಅಪ್ಪನ ಸ್ವಂತ ತಂಗಿ! ನಮ್ಮ ಕಡೆ ಸೋದರತ್ತೆ ಮಗನನ್ನು ಮದುವೆಯಾಗುವುದು ಹೊಸದೇನಲ್ಲ. ಅತ್ತೆಯ ಕಾಯಿಲೆ ಸೊಸೆಯ ರಕ್ತಕ್ಕೂ ಸಂಬಂಧಿಸಿದ್ದಾಗಿರಬಹುದು ಎಂಬುದು ಆ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ತಾಯಿಯ ಕಡೆಯವರನ್ನಷ್ಟೇ ಲೆಕ್ಕ ಹಾಕುತ್ತಾರೆ, ಅಪ್ಪನ ಕಡೆಯದನ್ನು ಬಿಟ್ಟೇ ಬಿಡುತ್ತಾರೆ.

ಬಿಆರ್‌ಸಿಎ1, ಬಿಆರ್‌ಸಿಎ2 ಎಂಬ ಜೀನ್‌ಗಳಲ್ಲಿ ದೋಷವಿದ್ದರೆ ಸ್ತನ ಕ್ಯಾನ್ಸರ್‌ನ ಅಪಾಯ ಹೆಚ್ಚು, ಆ ದೋಷ ತಾಯಿಯಿಂದ ಬಂದಷ್ಟೇ ಸಲೀಸಾಗಿ ತಂದೆಯಿಂದಲೂ ಬರುತ್ತದೆ, ಗಂಡಾಗಲಿ ಹೆಣ್ಣಾಗಲಿ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ ಎಂದು ನಮ್ಮ ಡಾಕ್ಟರ್ ಮೇಡಂ ಬಿಡಿಸಿ ಹೇಳಿದ್ದಾರೆ. ಗಂಡಸರು ತಮಗೇನೂ ಆಗದೆಯೇ ಮಗಳಿಗೆ ದಾಟಿಸಬಹುದು. ಅಂಡಾಶಯದ ಕ್ಯಾನ್ಸರ್‌ಗೂ ಇದೇ ಜೀನ್‌ಗಳ ನಂಟಿದೆ. ಹಾಗೆಂದು ಹೆದರಿಸಲು ನಾನು ಬರೆಯುತ್ತಿಲ್ಲ. ಸ್ತನ ಕ್ಯಾನ್ಸರ್‌ಗಳಲ್ಲಿ ಹೀಗೆ ವಂಶದಿಂದ ಬರುವುದು ನೂರರಲ್ಲಿ ಐದರಿಂದ ಹತ್ತು ಮಾತ್ರ. 'ನಮ್ಮ ವಂಶದಲ್ಲಿ ಇಲ್ಲ' ಎಂದು ತಪಾಸಣೆಗೆ ಬಾರದವರಿಗೂ ನಾನು ಇದನ್ನೇ ಹೇಳುವುದು.

ಇಲಾಖೆಯವರಲ್ಲಿ ನನ್ನ ಕೋರಿಕೆ ಇಷ್ಟು. ತಾಯಿ, ಅಕ್ಕತಂಗಿ, ಮಗಳು, ದೊಡ್ಡಮ್ಮ ಚಿಕ್ಕಮ್ಮ, ಸೋದರತ್ತೆ, ಎರಡೂ ಕಡೆಯ ಅಜ್ಜಿ, ಇವರಲ್ಲಿ ಯಾರಿಗೆ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಆಗಿತ್ತು, ಯಾವ ವಯಸ್ಸಿನಲ್ಲಿ ಎಂಬ ಪ್ರಶ್ನೆ ಸೇರಿಸಿ. ವಯಸ್ಸು ಬಹಳ ಮುಖ್ಯ. ಸೋದರತ್ತೆಗೆ ನಲವತ್ತೆರಡಕ್ಕೆ ಆಗಿದ್ದರೆ ಅವಳ ಒಡಹುಟ್ಟಿದವನ ಮಗಳ ತಪಾಸಣೆ ನಲವತ್ತೆರಡರವರೆಗೆ ಕಾಯಬಾರದು, ಸುಮಾರು ಹತ್ತು ವರ್ಷ ಮೊದಲೇ ಶುರುವಾಗಬೇಕು. 'ಹೌದು' ಅಂದವರನ್ನು ಮುಂದೆ ಎಲ್ಲಿಗೆ ಕಳಿಸಬೇಕು ಎಂಬುದೂ ಫಾರ್ಮಿನಲ್ಲೇ ಇರಲಿ. ಕೂಲಿ ಬಿಟ್ಟು ಬಸ್ಸು ಹತ್ತಿ ಜಿಲ್ಲಾ ಆಸ್ಪತ್ರೆಗೆ ಹೋದವಳನ್ನು 'ಗಂಟಿಲ್ಲವಲ್ಲ, ಯಾಕೆ ಬಂದೆ?' ಎಂದು ವಾಪಸು ಕಳಿಸಿದರೆ ಅವಳು ಇನ್ನೊಮ್ಮೆ ನನ್ನ ಮಾತು ಕೇಳುವುದಿಲ್ಲ.

ಸದ್ಯಕ್ಕೆ ನಾನು ಫಾರ್ಮಿನ ಅಂಚಿನಲ್ಲಿ ಪೆನ್ನಿನಿಂದ ಬರೆದಿಡುತ್ತಿದ್ದೇನೆ. ಆ್ಯಪ್‌ಗೆ ಹತ್ತಿಸುವಾಗ ಅದು ಕಾಗದದ ಅಂಚಿನಲ್ಲೇ ಉಳಿಯುತ್ತದೆ.

– ಒಬ್ಬ ಆಶಾ ಕಾರ್ಯಕರ್ತೆ, ಹೊಸದುರ್ಗ ತಾಲ್ಲೂಕು