ಮೊಘಲ್ ಮರಿಯಮ್ಮ ಬರೀ ‘ನಕಲು’ ಅಲ್ಲ

ಮಾನ್ಯ ಸಂಪಾದಕರೇ,

ಕ್ರಿಸ್‌ಮಸ್ ಪುರವಣಿಗಳಲ್ಲಿ ಮೊಘಲ್ ಕಾಲದ ಪುಟ್ಟ ವರ್ಣಚಿತ್ರಗಳ (ಮಿನಿಯೇಚರ್) ಮರಿಯಮ್ಮ, ಬಾಲಯೇಸು ಅಚ್ಚಾಗುವುದು ಸಂತೋಷದ ಸಂಗತಿ. ಆದರೆ ಅಡಿಬರಹ ಮಾತ್ರ ‘ಯುರೋಪಿನ ಚಿತ್ರದ ನಕಲು’ ಎಂಬಲ್ಲಿಗೆ ಮುಗಿದುಬಿಡುತ್ತದೆ. ಚಿತ್ರಕಾರನ ಹೆಸರಿಲ್ಲ, ಇಸವಿಯೂ ಇಲ್ಲ. ಇದು ಅನ್ಯಾಯ.

1580ರಲ್ಲಿ ಯೇಸುಸಭೆಯ ಪಾದ್ರಿಗಳು ಗೋವಾದಿಂದ ಫತೇಪುರ್ ಸಿಕ್ರಿಗೆ ಹೋಗಿ, ಆಂಟ್‌ವರ್ಪ್‌ನಲ್ಲಿ ಪ್ಲಾಂಟಿನ್ ಅಚ್ಚು ಹಾಕಿದ್ದ ಬಹುಭಾಷಾ ಬೈಬಲ್ಲನ್ನು ಅಕ್ಬರನಿಗೆ ಕೊಟ್ಟರು. ದೊರೆ ಕ್ರೈಸ್ತನಾಗುತ್ತಾನೆಂಬ ಅವರ ಆಸೆ ಕೈಗೂಡಲಿಲ್ಲ. ಈಸಾ, ಮರ್ಯಮ್ ಇಬ್ಬರಿಗೂ ಕುರ್‌ಆನಿನಲ್ಲೇ ಗೌರವದ ಸ್ಥಾನವಿರುವಾಗ, ಈ ಚಿತ್ರಗಳನ್ನು ಮತಾಂತರದ ಗುರುತಾಗಿ ಓದಬೇಕಿಲ್ಲ.

ಮೊಘಲ್ ದೊರೆಯ ಚಿತ್ರಶಾಲೆಗೆ ಬಂದ ಯುರೋಪಿನ ಚಿತ್ರಗಳಲ್ಲಿ ಹೆಚ್ಚಿನವು ತಾಮ್ರದ ತಗಡಿನಿಂದ ಒತ್ತಿದ ಮುದ್ರಣಗಳು, ಅಂದರೆ ಬರೀ ಕಪ್ಪು ಗೆರೆಗಳು. ಹಾಗಾಗಿ ಅಂಥ ಮಾದರಿಯಿಂದ ಬಂದ ಚಿತ್ರದಲ್ಲಿ ಬಣ್ಣವೆಲ್ಲ ಮೊಘಲ್ ಚಿತ್ರಕಾರನದೇ. ರೇಖೆಯನ್ನು ಇಳಿಸಿಕೊಳ್ಳಲು ‘ಚರ್ಬಾ’ ಎಂಬ ಪಾರದರ್ಶಕ ಜಿಂಕೆ ಚರ್ಮ ಬಳಸುತ್ತಿದ್ದರು. ಅದನ್ನು ಮಾದರಿಯ ಮೇಲೆ ಹಾಸಿ ಗೆರೆ ಎಳೆದು, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಹಲವು ಹಾಳೆ ಅಂಟಿಸಿ ಮಾಡಿದ ವಸ್ಲಿ ಕಾಗದದ ಮೇಲಿಟ್ಟು ಇದ್ದಿಲಪುಡಿಯ ಗಂಟಿನಿಂದ ತಟ್ಟುವುದು. ಚುಕ್ಕೆಗಳನ್ನು ಕುಂಚದಿಂದ ಕೂಡಿಸಿ, ತೆಳುವಾಗಿ ಬಿಳಿ ಬಳಿದು, ಮತ್ತೆ ರೇಖೆ ತಿದ್ದಿ, ಪದರಪದರವಾಗಿ ಬಣ್ಣ ಹಚ್ಚಿ, ಮಗುಚಿಹಾಕಿ ಅಗೇಟ್ ಕಲ್ಲಿನಿಂದ ಹಿಂಬದಿ ಉಜ್ಜುತ್ತಿದ್ದರು. ಚರ್ಬಾ ಮಗುಚಿದರೆ ಎಡಬಲ ಅದಲುಬದಲು. ಆಕೃತಿಯ ಅಳತೆ ಮುದ್ರಣಕ್ಕೆ ಹೊಂದದಿದ್ದರೆ ಅದು ನೇರ ಪಡಿಯಚ್ಚಲ್ಲ, ಕಣ್ಣಳತೆಯಲ್ಲಿ ಬರೆದಿರುವ ಸಾಧ್ಯತೆಯೇ ಹೆಚ್ಚು.

ಹಾಗೆ ಇಳಿಸಿಕೊಂಡ ಮೇಲೂ ಚಿತ್ರಕಾರ ಆಯ್ಕೆ ಮಾಡುತ್ತಿದ್ದ. 1600ರಲ್ಲಿ, ತನ್ನ ಹದಿಮೂರನೆಯ ವರ್ಷದಲ್ಲಿ, ಮೊಘಲ್ ಚಿತ್ರಕಾರ ಅಬುಲ್ ಹಸನ್ ಬರೆದ, ಯೇಸುವಿನ ಶಿಷ್ಯ ಸಂತ ಯೋಹಾನನನ್ನು ನೋಡಿ (ಆಕ್ಸ್‌ಫರ್ಡಿನ ಆಶ್ಮೋಲಿಯನ್ ಸಂಗ್ರಹಾಲಯದಲ್ಲಿದೆ). ಮಾದರಿ ಜರ್ಮನ್ ಕಲಾವಿದ ಡ್ಯೂರರನ 1511ರ ಮುದ್ರಣ, ಶಿಲುಬೆಯ ದೃಶ್ಯ. ಹುಡುಗ ಶಿಲುಬೆಯನ್ನೇ ಬಿಟ್ಟು, ಕೈ ಹೆಣೆದು ದುಃಖಿಸುವ ಒಬ್ಬನನ್ನಷ್ಟೇ ಎತ್ತಿಕೊಂಡ. ಮುದ್ರಣದ ತಗಡಿನಲ್ಲಿ ಉಳಿ ಕೊರೆದ ಬಿಗಿ ಗೆರೆಗಳು ಅವನ ಕುಂಚದಲ್ಲಿ ಮೆದುವಾದವು. ಇದನ್ನು ನಕಲು ಎನ್ನಲು ನನಗೆ ಮನಸ್ಸಿಲ್ಲ.

ಜೆರೋಮ್ ಕ್ಸೇವಿಯರ್ ಪಾದ್ರಿ ಲಾಹೋರಿನ ಅಬ್ದುಸ್ ಸತ್ತಾರರ ನೆರವಿನಿಂದ 1602ರಲ್ಲಿ ಪಾರಸಿಯಲ್ಲಿ ಮುಗಿಸಿದ ಕ್ರಿಸ್ತಚರಿತೆ ‘ಮಿರಾತ್ ಅಲ್-ಕುದ್ಸ್’ನ ಸಂಗತಿ ಇನ್ನೂ ಬೇರೆ. ಅದರ ಎಲ್ಲ ಪ್ರಸಂಗಗಳಿಗೂ ಮುದ್ರಣದ ಮಾದರಿ ಇರಲಿಲ್ಲ. ಪಠ್ಯ ಓದಿಸಿಕೊಂಡು ಕಲ್ಪಿಸಬೇಕಿತ್ತು. ಕ್ಲೀವ್‌ಲ್ಯಾಂಡ್ ಸಂಗ್ರಹಾಲಯದ ಸಚಿತ್ರ ಪ್ರತಿಯಲ್ಲಿ ಮೊಘಲ್ ಕಟ್ಟಡ, ಉಡುಗೆಗಳು ಬೈಬಲ್ ಕಥೆಯೊಳಕ್ಕೆ ಬಂದದ್ದು ಹೀಗೆ.

ಇನ್ನೊಂದು ಮಾತು. ಕೆಲವು ಹಳೆಯ ಚಿತ್ರಗಳಲ್ಲಿ ಬಿಳಿ ಬಟ್ಟೆ, ಮುಖ ಬೂದುಗಪ್ಪಾಗಿ ಕಾಣುವುದು ಸೀಸದ ಬಿಳಿ ಬಣ್ಣ ಗಾಳಿಯಲ್ಲಿನ ಗಂಧಕದ ಅನಿಲಕ್ಕೆ ಸಿಕ್ಕಿ ಕಪ್ಪಿಟ್ಟಿರುವುದರಿಂದ. ಅದಕ್ಕೆ ಸಾಂಕೇತಿಕ ಅರ್ಥ ಹಚ್ಚಬಾರದು.

ಮುಂದಿನ ಪುರವಣಿಯಲ್ಲಿ ಚಿತ್ರಕಾರ, ಇಸವಿ, ಮೂಲ ಮುದ್ರಣ, ಈಗಿರುವ ಸಂಗ್ರಹಾಲಯ ಇಷ್ಟನ್ನು ಗೊತ್ತಿದ್ದಷ್ಟರ ಮಟ್ಟಿಗೆ ಕೊಡಿ. ಪುಟ ಹೊಂದಿಸಲೆಂದು ಹಾಶಿಯಾ, ಅಂದರೆ ಚಿತ್ರದ ಸುತ್ತಲಿನ ಅಲಂಕಾರದ ಅಂಚನ್ನು ಕತ್ತರಿಸಬೇಡಿ. ಎಷ್ಟೋ ಸಲ ಅದು ಬೇರೊಬ್ಬ ಕಲಾವಿದನ ಕೆಲಸ.

— ಓದುಗ, ಧಾರವಾಡ